ಅಯಸ್ಕಾಂತದ ಗಾದಿ ಮತ್ತು ಗಾರ್ಡ್ ಕಾಕಾ

ಹುಬ್ಬಳ್ಳಿಯಿಂದ ಚಿಗರಿ ಬಸ್ಸು ಹಿಡಿದು ಧಾರವಾಡದ ನನ್ನ ಆಪ್ತಸಲಹೆಯ ಕೋಣೆಗೆ ಬಂದಿದ್ದರು. ಗಂಡ, ಹೆಂಡತಿ ಇಬ್ಬರೂ. ಅವರ ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಬರೆಯುವುದಕ್ಕೆ ಅವರೇ ಒಪ್ಪಿದ್ದಾರೆ. ಕಾಕಾ ರೈಲ್ವೆಯಲ್ಲಿ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದವರು. ಈಗ ಆ ಹುದ್ದೆಗೆ ಟ್ರೇನ್ ಮ್ಯಾನೇಜರ್ ಅಂತ ಹೆಸರು, 2022ರಲ್ಲಿ ಬದಲಾಯಿತು. ಅವರು ಮಾತ್ರ ಗಾರ್ಡ್ ಅಂತಲೇ ಹೇಳಿಕೊಳ್ಳುತ್ತಾರೆ. ನಾನೂ ಗಾರ್ಡ್ ಕಾಕಾ ಅಂತಲೇ ಕರೆಯುತ್ತೇನೆ.

ಕೂರುವ ಮೊದಲೇ ಚೀಲ ಬಿಚ್ಚಿ ಒಂದೊಂದೇ ಸಾಮಾನು ನನ್ನ ಮೇಜಿನ ಮೇಲೆ ಇಟ್ಟರು. ತಾಮ್ರದ ಬಳೆ. ಕಿವಿಗೆ ಸಿಕ್ಕಿಸುವ ಎರಡು ಕ್ಲಿಪ್ಪಿರುವ ಸಣ್ಣ ಡಬ್ಬಿ. ಸುರುಳಿ ಸುತ್ತಿದ ಆಕ್ಯುಪ್ರೆಶರ್ ಚಾಪೆ, ಮೈತುಂಬ ಪ್ಲಾಸ್ಟಿಕ್ ಮುಳ್ಳು. ಕೊನೆಗೆ ಫೋನಿನಲ್ಲಿ ಒಂದು ಫೋಟೋ. ಮಂಚದ ಮೇಲೆ ಹಾಸಿದ ನೀಲಿ ಬಣ್ಣದ ತೆಳುವಾದ ಗಾದಿ, ಮಗ್ಗುಲಲ್ಲಿ ಕಾಕೂ ಹೊಲಿದ ಕೌದಿ.

‘ಇದು ಮ್ಯಾಗ್ನೆಟ್ ಗಾದಿ ರೀ. ಒಂದು ಲಕ್ಷ ಹದಿನೆಂಟು ಸಾವಿರ. ಒಂದ ಪ್ರಶ್ನಿಗೆ ಉತ್ತರಾ ಹೇಳ್ರಿ ಮೇಡಂ. ಇದು ಕೆಲಸಾ ಮಾಡತೈತೋ ಇಲ್ಲೋ?’

ಕಾಕೂ ಮೆಲ್ಲಗೆ ಅಂದರು: ‘ಇಲ್ಲ ಅಂತ ಹೇಳಿಬಿಡವಾ. ಮನ್ಯಾಗ ದಿನಾ ಇದ ಜಗಳ.’

ನಾನು ತಕ್ಷಣ ಹೇಳಲಿಲ್ಲ. ಅದಕ್ಕೆ ಕಾರಣ ಇದೆ. ಕೆಲವು ವರ್ಷಗಳ ಹಿಂದೆ ಇನ್ನೊಬ್ಬರು ಇಂಥದೇ ಒಂದು ಪಟ್ಟಿ ಕಟ್ಟಿಕೊಂಡು ಬಂದಿದ್ದರು. ‘ಅದೆಲ್ಲಾ ಸುಳ್ಳು’ ಅಂತ ಮೊದಲ ಭೇಟಿಯಲ್ಲೇ ಅಂದುಬಿಟ್ಟೆ. ನನ್ನ ಮಾತೇನೋ ಸರಿಯಿತ್ತು. ಆದರೆ ಅವರು ಮತ್ತೆ ಬರಲೇ ಇಲ್ಲ.

ಕಾಕಾ ಹೇಳಿದ ಕಥೆ ಹೀಗಿತ್ತು. ನಿವೃತ್ತಿಯಾದ ಮೇಲೆ ನಿದ್ದೆ ಕೆಟ್ಟಿತು. ಹನ್ನೊಂದಕ್ಕೆ ಕಣ್ಣು ಮುಚ್ಚಿದರೆ ಒಂದು ಗಂಟೆಗೆ ಎಚ್ಚರ. ಆಮೇಲೆ ಬೆಳತನಕ ಹೊರಳಾಟ. ಕಾಕೂನ ತಂಗಿಯ ಗಂಡ, ಅಂದರೆ ಇವರ ಷಡ್ಡಕ, ಒಂದು ಭಾನುವಾರ ಕಲ್ಯಾಣ ಮಂಟಪದ ಮೀಟಿಂಗಿಗೆ ಕರೆದುಕೊಂಡು ಹೋದ. ಉಪ್ಪಿಟ್ಟು, ಶಿರಾ, ಪ್ರೊಜೆಕ್ಟರ್. ಮಂಡಿ ನೋವು ಹೋದವರು, ಸಕ್ಕರೆ ಕಾಯಿಲೆ ಹೋದವರು ಒಬ್ಬೊಬ್ಬರಾಗಿ ಮೈಕ್ ಹಿಡಿದರು. ಕಾಕಾ ಗಾದಿ ಕೊಂಡರು, ಜತೆಗೆ ಡಿಸ್ಟ್ರಿಬ್ಯೂಟರ್ ಕೂಡ ಆದರು.

‘ಮೊದಲನೇ ತಿಂಗಳು ಖರೇನ ನಿದ್ದಿ ಬಂತ್ರೀ. ಸುಳ್ಳ್ಯಾಕ ಹೇಳ್ಲಿ. ಆಮ್ಯಾಲ ಬಿಟ್ಟು ಹೋತು.’

ಈ ಮಾತು ಇಡೀ ಪ್ರಕರಣದ ಕೀಲಿಕೈ ಅಂತ ನನಗೆ ಅನ್ನಿಸಿತು. ಗಾದಿಯ ಜತೆ ಒಂದು ಪುಸ್ತಕ ಕೊಟ್ಟಿರಬೇಕಲ್ಲ, ಮುಂದಿನ ಸಲ ತನ್ನಿ ಅಂದೆ. ತಂದರು. ಅದರ ಕೊನೆಯ ಪುಟದಲ್ಲಿ ‘ಪೂರ್ಣ ಫಲಕ್ಕಾಗಿ ಪಾಲಿಸಬೇಕಾದ ನಿಯಮಗಳು’ ಅಂತಿತ್ತು. ರಾತ್ರಿ ಎಂಟರೊಳಗೆ ಊಟ. ಸಂಜೆ ಮೇಲೆ ಚಹಾ ಬೇಡ. ಗಾದಿಯ ಮೇಲೆ ಫೋನ್ ತರಬಾರದು. ಬೆಳಿಗ್ಗೆ ಐದೂವರೆಗೆ ಏಳಬೇಕು, ನೀರು ಕುಡಿದು ನಡೆಯಬೇಕು. ನಾನು ಓದಿ ನಕ್ಕೆ. ಇದರಲ್ಲಿ ಯಾವುದನ್ನೂ ನಾನು ತೆಗೆದು ಹಾಕುತ್ತಿರಲಿಲ್ಲ. ಲಕ್ಷ ರೂಪಾಯಿ ಕೊಟ್ಟಿದ್ದಾರಲ್ಲ, ಕಾಕಾ ಮೊದಲ ತಿಂಗಳು ಒಂದೂ ಬಿಡದೆ ಪಾಲಿಸಿದ್ದರು. ಉಣಕಲ್ ಕೆರೆಗೆ ದಿನಾ ವಾಕಿಂಗ್ ಹೋಗುತ್ತಿದ್ದರು. ಎರಡನೇ ತಿಂಗಳು ನಿಯಮ ಬಿಟ್ಟರು, ಗಾದಿ ಮಾತ್ರ ಉಳಿಯಿತು.

ಇನ್ನೂ ಒಂದು ಮಾತಿದೆ. ನಿದ್ದೆಯ ತೊಂದರೆ ಸಮುದ್ರದ ಅಲೆಯ ಹಾಗೆ ಏರಿಳಿಯುತ್ತದೆ. ನಾವು ದುಡ್ಡು ಬಿಚ್ಚುವುದು ತೀರಾ ಕೆಟ್ಟ ವಾರದಲ್ಲಿ. ತೀರಾ ಕೆಟ್ಟದ್ದರ ನಂತರ ಬರುವ ವಾರ ಹೇಗೂ ಸ್ವಲ್ಪ ವಾಸಿಯೇ ಇರುತ್ತದೆ. ಆ ಪುಣ್ಯ ಗಾದಿಯ ಖಾತೆಗೆ ಜಮಾ ಆಗುತ್ತದೆ. ಅದರ ಮೇಲೆ ‘ಇವತ್ತು ಬರುತ್ತೆ’ ಎಂಬ ನಂಬಿಕೆ ಬೇರೆ. ನಿದ್ದೆಯ ವಿಷಯದಲ್ಲಿ ನಂಬಿಕೆ ಸಣ್ಣ ಸಂಗತಿಯಲ್ಲ. ಬರುತ್ತೆ ಅಂತ ಧೈರ್ಯ ಇದ್ದವನು ಕಾಯುವುದಿಲ್ಲ, ಕಾಯದವನಿಗೆ ಬರುತ್ತದೆ.

ಕಾಕಾ ಒಪ್ಪಲಿಲ್ಲ. ‘ರಕ್ತದಾಗ ಕಬ್ಬಿಣ ಐತೆಲ್ರೀ. ಮ್ಯಾಗ್ನೆಟ್ ಅದನ್ನ ಎಳದು ಓಡಾಡಸತೈತಿ.’

ರಕ್ತದ ಕಬ್ಬಿಣ ಮೊಳೆಯ ಕಬ್ಬಿಣದಂತಲ್ಲ. ಹಿಮೋಗ್ಲೋಬಿನ್ ಒಳಗೆ ಒಂದೊಂದೇ ಪರಮಾಣುವಾಗಿ ಕಟ್ಟಿಹಾಕಿಕೊಂಡಿರುತ್ತದೆ. ಅಯಸ್ಕಾಂತಕ್ಕೆ ಓಡಿ ಬಂದು ಅಂಟುವುದಿಲ್ಲ. ಎಂಆರ್‌ಐ ಯಂತ್ರದ ಅಯಸ್ಕಾಂತದ ಬಲ ಸಾಮಾನ್ಯವಾಗಿ 1.5 ಟೆಸ್ಲಾ, ಅಂದರೆ 15,000 ಗಾಸ್. ಕಾಕಾರ ಪುಸ್ತಕದಲ್ಲಿ ಬರೆದಿದ್ದು 800 ಗಾಸ್. ಅದೂ ಅಯಸ್ಕಾಂತದ ಮೈಗೆ ತಾಗಿಸಿ ಅಳೆದರೆ ಇರಬಹುದು, ಸ್ವಲ್ಪ ದೂರ ಹೋದರೆ ಸರ್ರನೆ ಇಳಿಯುತ್ತದೆ. 800 ಗಾಸ್ ರಕ್ತವನ್ನು ಎಳೆಯುವುದಾದರೆ ಎಂಆರ್‌ಐಗೆ ಹೋದವರ ಗತಿ ಏನಾಗಬೇಕಿತ್ತು? ಇದನ್ನು ಹೇಳಿ, ಮನೆಗೆ ಹೋಗಿ ಒಂದು ಟಾಚಣಿ ಹಿಡಿದು ನೋಡಿ ಅಂದೆ. ನೋಡಿಕೊಂಡು ಬಂದರು. ನೀಲಿ ಬಟ್ಟೆಯ ಮೇಲೆ ಇಟ್ಟರೆ ಟಾಚಣಿ ಟಪ್ ಅಂತ ಅಂಟಿತ್ತು. ಮೇಲೆ ಹತ್ತಿಯ ಗಾದಿ ಹಾಸಿ ಇಟ್ಟರೆ ಅಲುಗಾಡಲಿಲ್ಲ. ಆದರೂ ಪುಸ್ತಕದಲ್ಲಿ ‘ಎಂಟು ಇಂಚು ದಪ್ಪದ ಹಾಸಿಗೆಯ ಕೆಳಗಿಟ್ಟರೂ ಪರಿಣಾಮ’ ಅಂತ ಬರೆದಿತ್ತು. ಆ ಸಾಲು ನನ್ನ ಕೆಲಸಕ್ಕೆ ಬಂತು.

ನಾನು ಅವರಿಗೆ ಒಂದು ಹಳೇ ಸಂಗತಿ ಹೇಳಿದೆ. 1784ರಲ್ಲಿ ಪ್ಯಾರಿಸ್‌ನಲ್ಲಿ ಮೆಸ್ಮರ್ ಎಂಬ ವೈದ್ಯನ ‘ಕಾಂತಶಕ್ತಿ’ ಚಿಕಿತ್ಸೆಗೆ ಜನ ಮುಗಿಬಿದ್ದಿದ್ದರು. ರಾಜ ಒಂದು ತನಿಖಾ ಸಮಿತಿ ಮಾಡಿದ. ಬೆಂಜಮಿನ್ ಫ್ರಾಂಕ್ಲಿನ್, ಲವಾಸಿಯೆ ಅಂಥವರು ಅದರಲ್ಲಿದ್ದರು. ಫ್ರಾಂಕ್ಲಿನ್ ಮನೆಯ ತೋಟದಲ್ಲಿ ಮೆಸ್ಮರನ ಶಿಷ್ಯ ಒಂದು ಏಪ್ರಿಕಾಟ್ ಮರಕ್ಕೆ ಶಕ್ತಿ ತುಂಬಿದ. ಹನ್ನೆರಡು ವರ್ಷದ ಹುಡುಗನ ಕಣ್ಣಿಗೆ ಬಟ್ಟೆ ಕಟ್ಟಿ ಒಂದೊಂದೇ ಮರ ಅಪ್ಪಿಕೊಳ್ಳಲು ಬಿಟ್ಟರು. ಹುಡುಗ ನಾಲ್ಕನೇ ಮರದ ಹತ್ತಿರ ಎಚ್ಚರ ತಪ್ಪಿ ಬಿದ್ದ. ಶಕ್ತಿ ತುಂಬಿದ ಮರ ಇನ್ನೂ ದೂರವೇ ಇತ್ತು. ಹುಡುಗ ನಾಟಕ ಮಾಡಲಿಲ್ಲ ಅಂತ ಇಟ್ಟುಕೊಳ್ಳೋಣ. ಬಿದ್ದಿದ್ದು ಖರೆ. ಆದರೆ ಬೀಳಿಸಿದ್ದು ಮರ ಅಲ್ಲ.

ಕಾಕಾ ಸ್ವಲ್ಪ ಹೊತ್ತು ಸುಮ್ನೆ ಕೂತರು. ‘ಅಂದ್ರ ನನ್ನ ಕಣ್ಣಿಗೂ ಬಟ್ಟಿ ಕಟ್ತೀರೇನು?’

ಹೌದು, ಹತ್ತಿರ ಹತ್ತಿರ ಅದನ್ನೇ ಮಾಡಿದೆವು. ದಿನಾ ಸಂಜೆ ಕಾಕಾ ಹಾಲು ತರಲು ಹೋದಾಗ ಕಾಕೂ ನಾಣ್ಯ ಚಿಮ್ಮಬೇಕು. ಛಾಪಾ ಬಿದ್ದರೆ ಹತ್ತಿಯ ಗಾದಿಯ ಕೆಳಗೆ ಅಯಸ್ಕಾಂತದ ಗಾದಿ. ಕಾಟಾ ಬಿದ್ದರೆ ಅಷ್ಟೇ ದಪ್ಪಕ್ಕೆ ಮಡಚಿದ ಜಮಖಾನೆ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಹಿಂದೆ ಗುರುತು ಹಾಕಬೇಕು, ಗಂಡನಿಗೆ ತೋರಿಸಬಾರದು. ಕಾಕಾ ಎಷ್ಟು ನಿದ್ದೆ ಬಂತು ಅಂತ ಬೆಳಿಗ್ಗೆ ಅಂದಾಜಿನಲ್ಲಿ ಬರೆಯಬೇಕು, ಜತೆಗೆ ಕೆಳಗೆ ಏನಿತ್ತು ಅಂತ ಊಹಿಸಬೇಕು. ಹದಿನಾಲ್ಕು ರಾತ್ರಿ.

ಎರಡು ವಾರದ ನಂತರ ಕ್ಯಾಲೆಂಡರನ್ನೇ ಕಿತ್ತು ತಂದಿದ್ದರು. ಕಾಕಾರ ಊಹೆ ಸರಿಯಾಗಿದ್ದು ಆರು ರಾತ್ರಿ, ತಪ್ಪಿದ್ದು ಎಂಟು. ಅಯಸ್ಕಾಂತದ ರಾತ್ರಿ ಸರಾಸರಿ ಐದು ಗಂಟೆ ನಿದ್ದೆ. ಜಮಖಾನೆಯ ರಾತ್ರಿ ಐದು ಗಂಟೆ ಹತ್ತು ನಿಮಿಷ. ಇದು ವಿಜ್ಞಾನದ ಪ್ರಯೋಗ ಅಲ್ಲ, ಒಬ್ಬರ ಮನೆಯ ಲೆಕ್ಕ ಅಷ್ಟೇ. ಆದರೆ ಅವರ ಪ್ರಶ್ನೆಯೂ ಅವರ ಮನೆಯದೇ ಆಗಿತ್ತು.

‘ನಮ್ಮ ಜಮಖಾನಿ ಹತ್ತ ನಿಮಿಷಾ ಮುಂದ ಐತಲ್ಲ’ ಅಂತ ಕಾಕೂ ನಕ್ಕರು. ಕಾಕಾ ನಗಲಿಲ್ಲ. ಅವರ ಮುಖ ನೋಡಿ ನನಗೂ ನಗು ನಿಂತಿತು.

ಆಗ ಹೊರಬಂತು ಉಳಿದ ಕಥೆ. ಡಿಸ್ಟ್ರಿಬ್ಯೂಟರ್ ಆಗಿದ್ದರಲ್ಲ, ಉಣಕಲ್ ಕೆರೆಯ ವಾಕಿಂಗ್ ಗೆಳೆಯರಲ್ಲಿ ಇಬ್ಬರಿಗೆ ಇವರೇ ಗಾದಿ ಕೊಡಿಸಿದ್ದರು. ಒಬ್ಬರು ಮಗಳ ಹೆರಿಗೆಗೆ ಅಂತ ಇಟ್ಟ ದುಡ್ಡಿನಲ್ಲಿ ಕೊಂಡಿದ್ದರು. ತನಗೇ ನಿದ್ದೆ ತಪ್ಪಿದ ಮೇಲೆ ಅವರ ಮುಖ ನೋಡಲಾಗದೆ ಕಾಕಾ ಕೆರೆಯ ಕಡೆ ಹೋಗುವುದನ್ನೇ ಬಿಟ್ಟರು. ಬೆಳಿಗ್ಗೆ ಎಂಟರವರೆಗೆ ಹಾಸಿಗೆಯಲ್ಲೇ ಇರುತ್ತಿದ್ದರು. ಅಂದರೆ ಆ ಗಾದಿ ಅವರ ನಿದ್ದೆಗೆ ಒಂದು ದೊಡ್ಡ ಕೆಡುಕು ಮಾಡಿತ್ತು. ಅಯಸ್ಕಾಂತದಿಂದ ಅಲ್ಲ, ನಾಚಿಕೆಯಿಂದ. ಬೆಳಗಿನ ಬಿಸಿಲು, ನಡಿಗೆ, ಏಳುವ ಗೊತ್ತಾದ ಹೊತ್ತು, ಮೂರೂ ಒಟ್ಟಿಗೆ ಹೋಗಿದ್ದವು. ಮೈಯೊಳಗಿನ ಗಡಿಯಾರಕ್ಕೆ ಕೀಲಿ ಕೊಡುವುದು ಬೆಳಗಿನ ಬೆಳಕು. ಅದು ತಪ್ಪಿದರೆ ರಾತ್ರಿ ಯಾವ ಗಾದಿ ಹಾಸಿ ಏನು?

ಉಳಿದ ಸಾಮಾನುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ತಾಮ್ರದ ಬಳೆ ಚಂದ ಇದೆ, ಹಾಕಿಕೊಳ್ಳಲಿ. ಮುಳ್ಳಿನ ಚಾಪೆ ಬೆನ್ನಿಗೆ ಹಿತ ಅನ್ನಿಸಿದರೆ ಸಂಜೆ ಹತ್ತು ನಿಮಿಷ ಮಲಗಲಿ, ಬೆಲೆಯೂ ಕಡಿಮೆ. ಕಿವಿಯ ಕ್ಲಿಪ್ಪಿನ ಯಂತ್ರ ಸ್ವಲ್ಪ ಬೇರೆ ಜಾತಿ. ತಲೆಗೆ ಬಹಳ ಸಣ್ಣ ಕರೆಂಟ್ ಹಾಯಿಸುವ ಈ ಬಗೆಯ ಯಂತ್ರಗಳನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಆತಂಕ ಮತ್ತು ನಿದ್ರಾಹೀನತೆಗೆ ಮಧ್ಯಮ ಅಪಾಯದ ವರ್ಗಕ್ಕೆ ಸೇರಿಸಿತು. ಅಲ್ಲಿ ವೈದ್ಯರ ಚೀಟಿ ಇಲ್ಲದೆ ಕೊಡುವುದಿಲ್ಲ. ಅದರ ಫಲದ ಪುರಾವೆ ಇನ್ನೂ ತೆಳುವೇ. ಮೀಟಿಂಗಿನಲ್ಲಿ ಶಿರಾ ತಿಂದು ಕೊಂಡು ಕಿವಿಗೆ ಸಿಕ್ಕಿಸುವ ವಸ್ತುವಂತೂ ಅಲ್ಲ.

ಕೈಯಲ್ಲಿದ್ದ ಸ್ಮಾರ್ಟ್ ವಾಚ್ ಮೇಲೆ ಮಾತ್ರ ನನಗೆ ಸಿಟ್ಟು ಬಂತು. ಪುಣೆಯಲ್ಲಿರುವ ಮಗ ಪ್ರೀತಿಯಿಂದ ಕಳಿಸಿದ್ದು. ಕಾಕಾ ಎದ್ದ ತಕ್ಷಣ ಅದನ್ನು ನೋಡಿ ‘ಡೀಪ್ ಸ್ಲೀಪ್ 41 ನಿಮಿಷ’ ಅಂದರೆ ಇಡೀ ದಿನ ಸುಸ್ತು. ಒಳ್ಳೆಯ ನಿದ್ದೆ ಬಂದಿದೆ ಅನ್ನಿಸಿದ ದಿನವೂ ವಾಚು ಇಲ್ಲ ಅಂದರೆ ಇಲ್ಲ. ಗಾಢ ನಿದ್ದೆಯನ್ನು ಸರಿಯಾಗಿ ಅಳೆಯಬೇಕಾದರೆ ತಲೆಗೆ ತಂತಿ ಅಂಟಿಸಿ ಮೆದುಳಿನ ಅಲೆ ನೋಡಬೇಕು. ಮಣಿಕಟ್ಟಿನ ವಾಚು ಕೈಯ ಅಲುಗಾಟ, ನಾಡಿ ನೋಡಿ ಊಹೆ ಮಾಡುತ್ತದೆ. ಆ ಅಂಕಿಯ ಹಿಂದೆ ಬಿದ್ದು ನಿದ್ದೆಗೆಡುವವರು ಎಷ್ಟು ಜಾಸ್ತಿ ಆದರೆಂದರೆ 2017ರಲ್ಲಿ ಸಂಶೋಧಕರು ಅದಕ್ಕೆ ಆರ್ಥೋಸೋಮ್ನಿಯಾ ಅಂತ ಹೆಸರನ್ನೇ ಇಟ್ಟರು. ರಾತ್ರಿ ವಾಚು ಬಿಚ್ಚಿ ಇಡಿ, ಮಗನಿಗೆ ಹೇಳಬೇಡಿ ಅಂದೆ.

ಸಲಹೆಗೆ ಬರುತ್ತೇನೆ. ಮೊದಲು ವೈದ್ಯರ ಹತ್ತಿರ ಕಳಿಸಿದೆ. ನಿದ್ದೆ ಇಲ್ಲ ಅಂದವರಿಗೆಲ್ಲ ನೇರ ಆಪ್ತಸಲಹೆ ಶುರು ಮಾಡುವುದು ತಪ್ಪು. ಗೊರಕೆ ನಡುವೆ ಉಸಿರು ನಿಲ್ಲುತ್ತದಾ, ಬೆಳಿಗ್ಗೆ ತಲೆನೋವು ಇದೆಯಾ, ಹಗಲು ಕೂತಲ್ಲೇ ತೂಕಡಿಕೆ ಬರುತ್ತದಾ ಅಂತ ಕಾಕೂನ ಕೇಳಿದೆ. ಅಂಥದೇನೂ ಇರಲಿಲ್ಲ. ಇದ್ದಿದ್ದರೆ ಸ್ಲೀಪ್ ಟೆಸ್ಟ್ ಆಗಲೇಬೇಕಿತ್ತು. ಆದರೆ ರಾತ್ರಿ ಮೂರು ಸಲ ಮೂತ್ರಕ್ಕೆ ಏಳುತ್ತಿದ್ದರು. ಬಿಪಿಗೆ ಕೊಟ್ಟ ಮಾತ್ರೆಯಲ್ಲಿ ಮೂತ್ರ ಜಾಸ್ತಿ ಮಾಡುವ ಔಷಧಿ ಸೇರಿತ್ತು, ಇವರು ಅದನ್ನು ರಾತ್ರಿ ಊಟದ ಮೇಲೆ ನುಂಗುತ್ತಿದ್ದರು. ವೈದ್ಯರು ಬೆಳಿಗ್ಗೆಗೆ ಬದಲಿಸಿದರು. ಮೂರು ಸಲ ಇದ್ದದ್ದು ಒಂದಕ್ಕೆ ಇಳಿಯಿತು. ಇಷ್ಟಕ್ಕೆ ಒಂದು ಪೈಸೆ ಜಾಸ್ತಿ ಖರ್ಚಾಗಲಿಲ್ಲ.

ಮಾತಿನ ನಡುವೆ ಕಾಕೂ ಇನ್ನೊಂದು ಹೇಳಿದರು. ದಸರೆಗೆ ಅವರ ಅಕ್ಕ ಬರುತ್ತಾರೆ, ಎದೆಯಲ್ಲಿ ಪೇಸ್‌ಮೇಕರ್ ಇದೆ, ಅವರಿಗೆ ಆ ಗಾದಿಯನ್ನೇ ಹಾಸಿಕೊಡುವ ಯೋಚನೆ. ನಾನು ಗಾಬರಿಯಾಗಿ ಬೇಡ ಅಂದೆ. ಹತ್ತಿರ ಬಂದ ಅಯಸ್ಕಾಂತ ಪೇಸ್‌ಮೇಕರ್ ನಡೆಯುವ ರೀತಿಯನ್ನೇ ಬದಲಿಸಬಲ್ಲದು. ನಿದ್ದೆ ತರಲಾರದ ವಸ್ತು ಇಲ್ಲಿ ನಿಜಕ್ಕೂ ಕೆಲಸ ಮಾಡುತ್ತದೆ, ಬೇಡದ ಕೆಲಸ.

ಇನ್ನು ಹಾಸಿಗೆಯ ಲೆಕ್ಕ. ಕಾಕಾ ಮಲಗುವುದು ರಾತ್ರಿ ಒಂಬತ್ತೂವರೆಗೆ, ಏಳುವುದು ಎಂಟಕ್ಕೆ. ಹತ್ತೂವರೆ ಗಂಟೆ ಹಾಸಿಗೆಯಲ್ಲಿ, ನಿದ್ದೆ ಐದು ಗಂಟೆ ಚಿಲ್ಲರೆ. ಉಳಿದ ಹೊತ್ತೆಲ್ಲ ಕಾವಲು. ಹಾಸಿಗೆ ಅಂದರೆ ಎಚ್ಚರ ಇರುವ ಜಾಗ ಅಂತ ಮೈ ಕಲಿತುಬಿಟ್ಟಿತ್ತು. ಇದಕ್ಕೆ ಇರುವ ಚಿಕಿತ್ಸೆ ಸಿಬಿಟಿ-ಐ, ಅಂದರೆ ನಿದ್ದೆಯ ಬಗೆಗಿನ ಯೋಚನೆ ಮತ್ತು ಅಭ್ಯಾಸ ಬದಲಿಸುವ ಚಿಕಿತ್ಸೆ. ಮಾತ್ರೆ ಇಲ್ಲ, ಯಂತ್ರ ಇಲ್ಲ. ಅಮೆರಿಕದ ವೈದ್ಯರ ದೊಡ್ಡ ಸಂಘವೊಂದು 2016ರಲ್ಲಿ ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಿ ಅಂತ ಹೇಳಿತು. ಮಾರುವವರಿಗೆ ಲಾಭ ಇಲ್ಲವಲ್ಲ, ಅದಕ್ಕೇ ಇದರ ಮೀಟಿಂಗ್ ಯಾವ ಕಲ್ಯಾಣ ಮಂಟಪದಲ್ಲೂ ಆಗುವುದಿಲ್ಲ.

ಕಾಕಾಗೆ ಹಾಕಿಕೊಟ್ಟ ಹೊಸ ವೇಳೆ ಹೀಗಿತ್ತು. ಮಲಗುವ ಹೊತ್ತು ರಾತ್ರಿ ಹನ್ನೆರಡು, ಏಳುವ ಹೊತ್ತು ಐದೂವರೆ. ನಿದ್ದೆ ಬಂದಿರಲಿ ಬಿಡಲಿ, ಐದೂವರೆ ತಪ್ಪಬಾರದು. ನಡುವೆ ಎಚ್ಚರವಾಗಿ ಇಪ್ಪತ್ತು ನಿಮಿಷ ಆಯಿತು ಅನ್ನಿಸಿದರೆ ಎದ್ದು ಹೊರಗಿನ ಕೋಣೆಯಲ್ಲಿ ಕೂರಬೇಕು, ದೊಡ್ಡ ದೀಪ ಬೇಡ, ಕಣ್ಣು ಎಳೆದಾಗ ಮತ್ತೆ ಹಾಸಿಗೆ. ಗೋಡೆ ಗಡಿಯಾರ ಅಡುಗೆಮನೆಗೆ. ಮಧ್ಯಾಹ್ನ ಎರಡರ ನಂತರ ಚಹಾ ಬಂದ್. ಕುಡಿದ ಕೆಫೀನ್ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಮೊದಲ ಎರಡು ವಾರ ಹಗಲು ಮಂಕು ಹಿಡಿಯುತ್ತದೆ, ಸ್ಕೂಟರ್ ಓಡಿಸಬೇಡಿ ಅಂತ ಎರಡು ಸಲ ಹೇಳಿದೆ. ಫಿಟ್ಸ್ ಇರುವವರು, ಬೈಪೋಲಾರ್ ಇರುವವರು ಹೀಗೆ ನಿದ್ದೆಯ ಹೊತ್ತು ಕಡಿತ ಮಾಡುವುದನ್ನು ತಾವೇ ಮನೆಯಲ್ಲಿ ಮಾಡಬಾರದು. ನಿದ್ದೆ ಮಾತ್ರೆ ನುಂಗುತ್ತಿರುವವರು ಅದನ್ನು ಒಮ್ಮೆಲೇ ನಿಲ್ಲಿಸಲೂಬಾರದು.

‘ಇದು ಡ್ಯೂಟಿ ರೋಸ್ಟರ್ ಇದ್ದಂಗ ಐತಲ್ರೀ!’ ಅಂದರು ಕಾಕಾ. ಆ ಮಾತಿನಿಂದಲೇ ರಾತ್ರಿ ಒಂದು ಗಂಟೆಗೆ ಎಚ್ಚರವಾಗುವುದರ ಗುಟ್ಟು ಸಿಕ್ಕಿತು. ನೌಕರಿಯ ದಿನಗಳಲ್ಲಿ ಕಾಲ್ ಬಾಯ್ ಸೈಕಲ್ ಮೇಲೆ ಮನೆಗೆ ಬರುತ್ತಿದ್ದ. ಸರಿರಾತ್ರಿ ಬಾಗಿಲು ಬಡಿದು, ಕಾಲ್ ಬುಕ್ಕಿಗೆ ಸಹಿ ಹಾಕಿಸಿಕೊಂಡು ಹೋಗುತ್ತಿದ್ದ. ಎರಡು ಗಂಟೆಯೊಳಗೆ ಗಾಡಿಯ ಬಾಲದಲ್ಲಿ ಇರಬೇಕು, ಕ್ಯಾಸಲ್‌ರಾಕ್ ಕಡೆಗೋ ಹೊಸಪೇಟೆ ಕಡೆಗೋ. ‘ನಿದ್ದ್ಯಾಗೂ ಇವ್ರ ಕಿವಿ ಬಾಗಲದ ಕಡೇನ ಇರ್ತಿತ್ತು’ ಅಂದರು ಕಾಕೂ. ಮುಂದೆ ಮೊಬೈಲ್ ಬಂತು, ಸೈಕಲ್ ಹೋಯಿತು, ಕಿವಿ ಮಾತ್ರ ಅಲ್ಲೇ ಉಳಿಯಿತು.

ಡ್ಯೂಟಿ ಮುಗಿದಾಗ ಏನು ಮಾಡುತ್ತಿದ್ದಿರಿ ಅಂತ ಕೇಳಿದೆ. ಸೈನ್ ಆಫ್ ಅಂದರು. ಹಾಗಾದರೆ ದಿನಾ ಸೈನ್ ಆಫ್ ಮಾಡಿ ಅಂದೆ. ಕಾಕಾ ದುರ್ಗದಬೈಲಿಗೆ ಹೋಗಿ ಕೆಂಪು ರಟ್ಟಿನ ನೋಟ್‌ಬುಕ್ ತಂದರು. ಸಂಜೆ ಏಳಕ್ಕೆ ಆ ದಿನದ ಚಿಂತೆಗಳನ್ನು ಬರೆಯುವುದು, ಹನ್ನೆರಡಕ್ಕೆ ಕೊನೆಯ ಸಾಲು. ಮೊದಲ ಪುಟ ನನಗೆ ತೋರಿಸಿದರು: ‘ಸೈನ್ ಆಫ್ 23.55. ಲೈನ್ ಕ್ಲಿಯರ್. ಕರಿಯಾಕ ಯಾರೂ ಬರಂಗಿಲ್ಲ.’

ದುಡ್ಡಿನ ವಿಷಯಕ್ಕೆ ನಾನು ವಕೀಲೆಯಲ್ಲ, ಆದರೂ ಗೊತ್ತಿದ್ದಷ್ಟು ಹೇಳಿದೆ. ನೇರ ಮಾರಾಟಕ್ಕೆ 2021ರಿಂದ ಕೇಂದ್ರದ ನಿಯಮಗಳಿವೆ. ಗ್ರಾಹಕರ ಸಹಾಯವಾಣಿ 1915. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಕಾಲಾವಕಾಶ. ಕಾಕಾ ತಲೆ ಅಲ್ಲಾಡಿಸಿದರು. ‘ಷಡ್ಡಕನ ಮ್ಯಾಲೆ ಕೇಸ್ ಹಾಕಿ ದೀಪಾವಳಿಗೆ ಎಲ್ಲಿ ಕೂಡ್ಲಿ?’ ಅದು ಅವರ ನಿರ್ಧಾರ, ನಾನು ಒತ್ತಾಯ ಮಾಡಲಿಲ್ಲ. ಕೆರೆಯ ಗೆಳೆಯರ ಹತ್ತಿರ ಹೋಗುವುದನ್ನು ಮಾತ್ರ ಬಿಡಬೇಡಿ ಅಂದೆ. ಅದು ಕ್ಷಮೆಯ ಪ್ರಶ್ನೆಯೂ ಹೌದು, ಬೆಳಗಿನ ಬೆಳಕಿನ ಪ್ರಶ್ನೆಯೂ ಹೌದು.

ಮೂರನೇ ವಾರ ಹೋದರು. ಹೆರಿಗೆಯ ದುಡ್ಡು ಹಾಕಿದ್ದವರು ಸಿಟ್ಟಾದರು, ಎರಡು ದಿನ ಮಾತಾಡಲಿಲ್ಲ. ಕಾಕಾ ತಮಗೆ ಬಂದಿದ್ದ ಕಮಿಷನ್ ಅವರ ಕೈಗೆ ಕೊಟ್ಟರು. ಇನ್ನೊಬ್ಬರು ಆಶ್ಚರ್ಯಪಟ್ಟರು: ‘ನನಗ ಛಲೋ ನಿದ್ದಿ ಬರಾಕತ್ತೈತಿ. ನೀವ್ಯಾಕ ಕ್ಷಮಾ ಕೇಳ್ತೀರಿ?’ ಅವರಿಗೆ ಜಮಖಾನೆಯ ಲೆಕ್ಕ ಹೇಳಬೇಕಾ ಅಂತ ಕಾಕಾ ಕೇಳಿದರು. ಪೇಸ್‌ಮೇಕರ್ ಇಲ್ಲ ತಾನೇ ಅಂತ ವಿಚಾರಿಸಿ ಅಂದೆ. ಇನ್ನೊಂದು ಕೊಳ್ಳಲು ಹೊರಟರೆ ಹೇಳಿ. ಇಲ್ಲದಿದ್ದರೆ ನಿದ್ದೆ ಮಾಡುತ್ತಿರುವವರನ್ನು ಎಬ್ಬಿಸಿ ಹೇಳುವಂಥದ್ದೇನಿದೆ?

ಕೊನೆಯ ಭೇಟಿಯ ಹೊತ್ತಿಗೆ ಮಲಗುವ ಹೊತ್ತು ಹದಿನೈದು ಹದಿನೈದು ನಿಮಿಷ ಹಿಂದೆ ಬಂದು ಹನ್ನೊಂದೂಕಾಲಕ್ಕೆ ನಿಂತಿತ್ತು. ಕೆಂಪು ಪುಸ್ತಕದ ಲೆಕ್ಕದಲ್ಲಿ ನಿದ್ದೆ ಐದು ಮುಕ್ಕಾಲು ಗಂಟೆ. ವಾರಕ್ಕೆ ಎರಡು ಸಲ ಈಗಲೂ ಒಂದು ಗಂಟೆಗೆ ಎಚ್ಚರವಾಗುತ್ತದೆ. ದೂರದಲ್ಲಿ ಗೂಡ್ಸ್ ಗಾಡಿಯ ಸೀಟಿ ಕೇಳಿದರೆ ಇವತ್ತು ಯಾರ ಪಾಳಿಯೋ ಅಂದುಕೊಂಡು ಮಗ್ಗುಲು ಬದಲಿಸುತ್ತಾರಂತೆ. ಇನ್ನು ಬರುವುದು ಬೇಡ, ಮತ್ತೆ ತೀರಾ ಕಷ್ಟವಾದರೆ ಫೋನ್ ಮಾಡಿ ಅಂದೆ. ನಾನು ಸಿಗದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಂಬರನ್ನೂ ಕೆಂಪು ಪುಸ್ತಕದಲ್ಲೇ ಬರೆದುಕೊಂಡರು.

ಬಾಗಿಲ ತನಕ ಹೋದ ಕಾಕೂ ತಿರುಗಿ ನಿಂತರು.

‘ತಂಗೀ, ನಮ್ಮ ತಂಗಿ ಗಂಡ ಈಗ ನೀರಿನ ಮಷೀನ್ ತಂದಾನ. ಆ ನೀರು ಕುಡದ್ರ ಎಲ್ಲಾ ರೋಗ ಹೋಕ್ಕಾವಂತ. ಅದಕ್ಕೂ ಛಾಪಾ-ಕಾಟಾ ಮಾಡಾಕ ಬರತೈತೇನು?’

ಬರುತ್ತದೆ, ಒಂದೇ ತರಹದ ಎರಡು ಬಾಟಲಿ ಇಟ್ಟುಕೊಳ್ಳಿ, ದುಡ್ಡು ಕೊಡುವ ಮೊದಲೇ ಮಾಡಿ ಅಂದೆ.